ಯೋಶಿಯೋ ತಾತನ ಹೆಸರಿಗೆ ಕುಂಕುಮ

ಇನ್ನೊಂದೇ ಒಂದು ಗೆರೆ ಬಾಕಿ ಇತ್ತು.

ಇಂಚರಾ ತೋರುಬೆರಳನ್ನು ಬಕೆಟ್ಟಿನ ನೀರಿಗೆ ಅದ್ದಿ, ಕುಂಕುಮದ ಡಬ್ಬಿಗೆ ಒತ್ತಿ, ಕಲ್ಲಿನಲ್ಲಿ ಕೊರೆದ ಅಕ್ಷರದೊಳಗೆ ನಿಧಾನವಾಗಿ ಎಳೆದಳು. ಆಚೆ ಈಚೆ ಒಂಚೂರೂ ಮೆತ್ತಿಕೊಳ್ಳಬಾರದು. ಅವಳ ನಾಲಿಗೆಯ ತುದಿ ಹೊರಗೆ ಬಂದಿತ್ತು. ಡ್ರಾಯಿಂಗ್ ಪೀರಿಯಡ್ಡಿನಲ್ಲೂ ಅದು ಹೀಗೇ ಹೊರಗೆ ಬರುತ್ತದೆ, ಟೀಚರ್ ಎಷ್ಟು ಸಲ ಹೇಳಿದರೂ ಒಳಗೆ ಹೋಗುವುದಿಲ್ಲ.

“ಇಂಚೂ, ಎಲ್ಲಿದೀಯೇ? ಬಂದು ಈ ಟ್ರೈಪಾಡ್ ಹಿಡ್ಕೋ!” ಸ್ಮಶಾನದ ಆ ಮೂಲೆಯಿಂದ ಅಮ್ಮ ಕೂಗಿದಳು.

“ಬಂದೇ ಅಮ್ಮಾ, ಟೂ ಮಿನಿಟ್ಸ್!”

ಗೆರೆ ಮುಗಿಯಿತು. ಇಂಚರಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಕಲ್ಲಿನ ಪಕ್ಕದಲ್ಲಿ ಎರಡು ಹೆಸರುಗಳು. ಎರಡೂ ಈಗ ಕೆಂಪಗೆ ಹೊಳೆಯುತ್ತಿದ್ದವು. ಎಷ್ಟು ಚೆನ್ನಾಗಿ ಕಾಣುತ್ತಿದೆ! ಅವಳು ಬೆರಳನ್ನು ಜೀನ್ಸಿನ ಹಿಂದೆ ಒರೆಸಿಕೊಂಡು, ಡಬ್ಬಿಯನ್ನು ಜೇಬಿಗೆ ತುರುಕಿ ಓಡಿದಳು.

ಈ ಹುಡುಗಿ ಜಪಾನಿನ ಒಂದು ಹಳ್ಳಿಯ ಸ್ಮಶಾನದಲ್ಲಿ ಕುಂಕುಮ ಹಿಡಿದುಕೊಂಡು ಏನು ಮಾಡುತ್ತಿದ್ದಾಳೆ ಅಂತ ನಿಮಗೆ ಅನ್ನಿಸಬಹುದು. ಹೇಳುತ್ತೇನೆ ಕೇಳಿ.

ಇಂಚರಾಳ ಮನೆ ಟೋಕಿಯೋದ ಎಡೋಗಾವಾದಲ್ಲಿ. ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಅವಳು ನಾಲ್ಕನೇ ಕ್ಲಾಸ್ ಮುಗಿಸಿದ್ದಳು. ಅಮ್ಮ ಕಾತ್ಯಾಯಿನಿ ಯೂನಿವರ್ಸಿಟಿಯಲ್ಲಿ ಕಲ್ಲುಗಳ ಬಗ್ಗೆ ರಿಸರ್ಚ್ ಮಾಡುವವಳು. ಗಾಳಿ, ಮಳೆ, ಉಪ್ಪುನೀರಿಗೆ ಕಲ್ಲು ಹೇಗೆ ಸವೆಯುತ್ತದೆ, ಸವೆದ ಅಕ್ಷರವನ್ನು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಮತ್ತೆ ಓದುವುದು ಹೇಗೆ, ಇದೇ ಅವಳ ಕೆಲಸ. ಉತ್ತರದ ಸಮುದ್ರ ತೀರದ ಓಕಿಹಾಮಾ ಎಂಬ ಹಳ್ಳಿಯಲ್ಲಿ ಅಂಥ ಕಲ್ಲುಗಳು ಬೇಕಾದಷ್ಟಿದ್ದವು. ನೂರಿಪ್ಪತ್ತು ವರ್ಷದ ಹಿಂದೆ ಸುನಾಮಿ ಬಂದಾಗ ಸತ್ತವರ ಹೆಸರುಗಳು ಆ ಕಲ್ಲುಗಳ ಮೇಲೆ ಇದ್ದವು. ಇದ್ದವು ಅಂದರೆ, ಈಗ ಅರ್ಧ ಅಳಿಸಿಹೋಗಿದ್ದವು.

ಮಾರ್ಚ್ ರಜೆ. ಅಪ್ಪನಿಗೆ ಆಫೀಸು. ಹಾಗಾಗಿ ಇಂಚರಾ ಅಮ್ಮನ ಜೊತೆ ಹೊರಟಳು. ಸುಮ್ಮನೆ ಬಾಲದ ಹಾಗೆ ಬಂದಳು ಅಂದುಕೊಳ್ಳಬೇಡಿ, ಅವಳಿಗೂ ಡ್ಯೂಟಿ ಇತ್ತು. ಅಮ್ಮನ ಲ್ಯಾಬಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಿದ್ದರು. ಸುಮಿಮಾಸೆನ್ ಅಂದರೆ ಕ್ಷಮಿಸಿ, ಅರಿಗಾತೋ ಅಂದರೆ ಥ್ಯಾಂಕ್ಸ್, ಆಮೇಲೆ ಒಂದು ಹೈ, ಈ ಮೂರು ಮಾತಿನಲ್ಲೇ ಅಮ್ಮ ಏಳು ವರ್ಷ ಜಪಾನಿನಲ್ಲಿ ದಿನ ದೂಡಿದ್ದಳು. ಇಂಚರಾ ಮಾತ್ರ ಮೂರು ವರ್ಷ ಜಪಾನಿ ಶಿಶುವಿಹಾರಕ್ಕೆ ಹೋದವಳು, ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಊರಿನವರು ಜಪಾನಿಯಲ್ಲಿ ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವುದೇ ಅವಳ ಕೆಲಸ.

ಮೊದಲನೇ ದಿನ ದೇವಸ್ಥಾನದ ಗುರುಗಳು ಒಂದು ಮಾತು ಹೇಳಿದ್ದರು. ಊರಿನವರು ಅವರನ್ನು ಒಶೋ-ಸಾನ್ ಅನ್ನುತ್ತಾರೆ. “ಫೋಟೋ ತೆಗೀರಿ. ಆದ್ರೆ ಯಾವ ಕಲ್ಲನ್ನೂ ಮುಟ್ಟಬೇಡಿ, ಅಕ್ಷರದೊಳಗೆ ಯಾವ ಪುಡಿನೂ ಹಾಕಬೇಡಿ. ಹಿಂದೆ ಒಬ್ರು ಓದೋದಕ್ಕೆ ಸುಲಭ ಆಗತ್ತೆ ಅಂತ ಸೀಮೆಸುಣ್ಣ ತುಂಬಿ ಹಾಳು ಮಾಡಿದ್ರು.” ಇಂಚರಾ ಅದನ್ನು ಒಂದಕ್ಷರ ಬಿಡದೆ ಅಮ್ಮನಿಗೆ ಹೇಳಿ, ತಾನೂ ದೊಡ್ಡದಾಗಿ ತಲೆಯಾಡಿಸಿದ್ದಳು.

ಮತ್ತೆ ಈಗ?

ಅವಳ ಲೆಕ್ಕವೇ ಬೇರೆ. ಆ ಮಾತು ಹಳೇ ಕಲ್ಲುಗಳಿಗೆ. ಇದು ಫುಮಿ ಅಜ್ಜಿಯ ಮನೆಯ ಕಲ್ಲು, ಹೊಸದು. ಫುಮಿ ಅಜ್ಜಿ ಅಂದರೆ ಅವರು ಉಳಿದುಕೊಂಡಿದ್ದ ಮನೆಯ ಅಜ್ಜಿ. ಆ ಮನೆಯ ಗೇಟಿನ ಬೋರ್ಡಿನಲ್ಲಿದ್ದ ‘ಹತಾಕೆಯಾಮಾ’ ಎಂಬ ಮನೆತನದ ಹೆಸರಿನ ಅಕ್ಷರಗಳೇ ಈ ಕಲ್ಲಿನ ಮುಂದೆಯೂ ಇದ್ದವು. ಪಕ್ಕದಲ್ಲಿ ಎರಡು ಹೆಸರು. ‘ಫುಮಿ’ ಅಂತ ಸುಲಭದ ಅಕ್ಷರದಲ್ಲಿ ಕೆಂಪಗೆ ಬರೆದಿತ್ತು. ಅದರ ಬಲಕ್ಕೆ ಇನ್ನೊಂದು ಹೆಸರು, ಅದು ಫುಮಿ ಅಜ್ಜಿಯ ಗಂಡ ಯೋಶಿಯೋ ತಾತನದೇ ಇರಬೇಕು. ಅದಕ್ಕೆ ಮಾತ್ರ ಬಣ್ಣ ಇರಲಿಲ್ಲ, ಬರೀ ಕಲ್ಲಿನ ಬೂದುಬಣ್ಣ.

“ಅಯ್ಯೋ ಪಾಪ, ತಾತನ ಬಣ್ಣ ಮಳೆಗೆ ತೊಳೆದುಹೋಗಿದೆ,” ಅಂದುಕೊಂಡಳು ಇಂಚರಾ.

ಮೈಸೂರಿನಲ್ಲಿ ಕಮಲಜ್ಜಿ ಬೀದಿ ಕೊನೆಯ ಅರಳಿಕಟ್ಟೆಯಲ್ಲಿ ನಾಗರಕಲ್ಲುಗಳಿಗೆ ಕುಂಕುಮ ಇಡುವುದನ್ನು ಅವಳು ನೋಡಿದ್ದಳು. ಹನ್ನೊಂದು ಕಲ್ಲಿದ್ದರೆ ಹನ್ನೊಂದಕ್ಕೂ ಇಡಬೇಕು. ಮೂಲೆಯಲ್ಲಿ ಮುರಿದು ಬಿದ್ದಿದ್ದ ಚೂರಿಗೂ ಅಜ್ಜಿ ಬಗ್ಗಿ ಇಡುತ್ತಿದ್ದರು. “ಒಬ್ಬರಿಗೆ ಇಟ್ಟು ಒಬ್ಬರಿಗೆ ಬಿಟ್ರೆ ಬೇಜಾರು ಮಾಡ್ಕೋತಾರೆ ಕಣೇ,” ಅನ್ನುತ್ತಿದ್ದರು.

ಅಮ್ಮನ ಬ್ಯಾಗಿನಲ್ಲಿ ಕುಂಕುಮದ ಡಬ್ಬಿ ಯಾವಾಗಲೂ ಇರುತ್ತದೆ. ಸಮಾಧಿಗಳನ್ನು ತೊಳೆಯಲು ಅಂತ ದೇವಸ್ಥಾನದವರು ಇಟ್ಟ ಬಕೆಟ್ಟುಗಳೂ ಇದ್ದವು. ನಾಳೆ ಹಿಗಾನ್, ನಮ್ಮ ಪಿತೃಪಕ್ಷದ ಹಾಗೆ ಹಿರಿಯರನ್ನು ನೆನೆಯುವ ಹಬ್ಬ. ಫುಮಿ ಅಜ್ಜಿ ಬಂದು ನೋಡಿದರೆ ಎಷ್ಟು ಖುಷಿಪಡಬಹುದು! ಸರ್‌ಪ್ರೈಸ್!

ಆ ಸಂಜೆ ಫುಮಿ ಅಜ್ಜಿ ಹಬ್ಬಕ್ಕೆ ಸಿಹಿ ಮಾಡಲು ಕೂತರು. ಕೆಂಪು ಕಾಳು ಬೇಯಿಸಿ, ಸಕ್ಕರೆ ಹಾಕಿ ಅರೆದ ಹೂರಣ. ಅನ್ನದ ಉಂಡೆ ಕಟ್ಟಿ ಅದರ ಸುತ್ತ ಈ ಹೂರಣ ಮೆತ್ತಬೇಕು. ಹೋಳಿಗೆಯಲ್ಲಿ ಹೂರಣ ಒಳಗಿದ್ದರೆ ಇದರಲ್ಲಿ ಹೊರಗೆ. ಇಂಚರಾ ಆರು ಉಂಡೆ ಕಟ್ಟಿದಳು, ಎರಡನ್ನು ತಿಂದಳು.

“ನಮ್ಮ ಮನೆಯವರಿಗೆ ಇದು ಅಂದ್ರೆ ಪ್ರಾಣ,” ಅಂದರು ಫುಮಿ ಅಜ್ಜಿ. ಗೋಡೆಯ ಫೋಟೋದಲ್ಲಿ ಯೋಶಿಯೋ ತಾತ ತಲೆಗೆ ಟವೆಲ್ ಸುತ್ತಿಕೊಂಡು ಹಲ್ಲು ಬಿಟ್ಟು ನಗುತ್ತಿದ್ದರು. “ಬೆಳಿಗ್ಗೆ ತಗೊಂಡು ಹೋಗಿ ಅವರ ಮುಂದೆ ಇಡೋಣ. ನೀನೂ ಇರ್ತೀಯಲ್ಲ ಅಲ್ಲಿ?”

“ಇರ್ತೀನಿ, ಇರ್ತೀನಿ!” ಗುಟ್ಟು ಬಾಯಿಂದ ಹೊರಗೆ ಬಂದುಬಿಡುತ್ತದೆಂದು ಇಂಚರಾ ಇನ್ನೊಂದು ಉಂಡೆಯನ್ನು ಬಾಯಿಗೆ ಹಾಕಿಕೊಂಡಳು.

ಬೆಳಿಗ್ಗೆ ಅಮ್ಮ ಮತ್ತು ಇಂಚರಾ ಮೊದಲೇ ಹೊರಟರು. ದೇವಸ್ಥಾನದ ಬಾಗಿಲಲ್ಲೇ ಒಶೋ-ಸಾನ್ ಕಾಯುತ್ತಾ ನಿಂತಿದ್ದರು. ಯಾವಾಗಲೂ ಇಂಚರಾಳನ್ನು ಕಂಡ ಕೂಡಲೇ ಜೇಬಿನಿಂದ ಚಾಕೊಲೇಟ್ ತೆಗೆಯುವವರು ಇವತ್ತು ಕೈಯನ್ನು ಜೇಬಿಗೇ ಹಾಕಲಿಲ್ಲ.

“ಕಾತ್ಯಾಯಿನಿ-ಸಾನ್, ಕೇಳೋದಕ್ಕೇ ಸಂಕೋಚ ಆಗ್ತಿದೆ,” ಅಂದರು. “ಹತಾಕೆಯಾಮಾ ಅವರ ಕಲ್ಲಿನಲ್ಲಿ ಯೋಶಿಯೋ ಅವರ ಹೆಸರಿಗೆ ಯಾರೋ ಕೆಂಪು ತುಂಬಿದ್ದಾರೆ. ನಿಮ್ಮ ಫೋಟೋಗೆ ಬೇಕು ಅಂತ ನೀವು ಹಾಕಿದ್ರಾ?”

ನಾನು, ನಾನು ಹಾಕಿದ್ದು ಅಂತ ಹೇಳಲು ಬಾಯಿ ತೆರೆದ ಇಂಚರಾ ಅವರ ಮುಖ ನೋಡಿ ಮಾತು ಬದಲಿಸಿದಳು. ಮೆಲ್ಲಗೆ ಕೇಳಿದಳು, “ಕೆಂಪು ಹಾಕಿದ್ರೆ ಏನಾಗತ್ತೆ ಒಶೋ-ಸಾನ್?”

“ಕೆಂಪು ಬದುಕಿರೋರ ಹೆಸರಿಗೆ ಮಾತ್ರ ಇರತ್ತೆ ಮಗು. ಗಂಡ ಹೆಂಡತಿ ಬದುಕಿರುವಾಗಲೇ ಕಲ್ಲು ಮಾಡಿಸಿ ಹೆಸರು ಕೆತ್ತಿಸಿಕೊಳ್ತಾರೆ, ಕೆಂಪು ತುಂಬಿಸ್ತಾರೆ. ಒಬ್ರು ಹೋದ್ರೆ ಅವರ ಹೆಸರಿನ ಕೆಂಪು ತೆಗೆಸಿಬಿಡ್ತಾರೆ.” ಒಶೋ-ಸಾನ್ ದಾರಿಯ ಕಡೆ ನೋಡಿದರು. “ಯೋಶಿಯೋ ಅವರು ಎಂಟು ವರ್ಷದ ಹಿಂದೆ ಬಂದ ದೊಡ್ಡ ಸುನಾಮಿಯಲ್ಲಿ ಹೋದೋರು, ಸಿಗಲೇ ಇಲ್ಲ. ಇನ್ನೇನು ಫುಮಿ-ಸಾನ್ ಬಂದುಬಿಡ್ತಾರೆ. ಆ ಹೆಸರನ್ನ ಕೆಂಪಗೆ ನೋಡಿದ್ರೆ ಅವರಿಗೆ ಹೇಗಾಗಬೇಡ?”

ಇಂಚರಾ ತೋರುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಳು.

“ಏನಂತೆ ಇಂಚು? ಯಾಕೆ ಇಷ್ಟು ಸೀರಿಯಸ್ಸಾಗಿದಾರೆ?” ಅಮ್ಮ ಕೇಳಿದಳು.

“ಅದು... ಅದೂ... ಇವತ್ತು ಹಿಗಾನ್ ಅಲ್ವಾ, ತುಂಬಾ ಜನ ಬರ್ತಾರಂತೆ. ಕೇರ್‌ಫುಲ್ಲಾಗಿ ಕೆಲಸ ಮಾಡ್ತೀರಾ ಅಂತ ಕೇಳ್ತಿದಾರೆ.”

“ಓ, ಅಷ್ಟೇನಾ! ನಾನೇನೋ ಅಂದ್ಕೊಂಡೆ.” ಅಮ್ಮ ಸೊಂಟ ಬಗ್ಗಿಸಿ ನಮಸ್ಕರಿಸಿ, ಮುಖದ ತುಂಬಾ ನಗು ತುಂಬಿಕೊಂಡು, “ಹೈ! ಹೈ! ಹೈ!” ಅಂದಳು.

ಅಯ್ಯೋ ಅಮ್ಮಾ! ಹೈ ಅಂದರೆ ಹೌದು. ಒಂದಲ್ಲ ಎರಡಲ್ಲ, ಮೂರು ಸಲ ಹೌದು ಅಂದುಬಿಟ್ಟಳು.

ಒಶೋ-ಸಾನ್ ಅವರ ಮುಖ ಇನ್ನಷ್ಟು ಸಣ್ಣಗಾಯಿತು. “ಒಪ್ಪಿಕೊಂಡಿದ್ದು ಒಳ್ಳೇದು,” ಅಂದರು. ಆದರೆ ಅಮ್ಮ ನಗುತ್ತಿರುವುದು ಅವರಿಗೆ ಅರ್ಥವೇ ಆಗಲಿಲ್ಲ. “ನಾನು ಒಂದೇ ಒಂದು ಮಾತು ಕೇಳಿಕೊಂಡಿದ್ದೆ. ಅದನ್ನೂ ನಡೆಸಿಕೊಡಲಿಲ್ಲ ನೀವು. ಇನ್ನು ಫೋಟೋ ಬೇಡ, ದಯವಿಟ್ಟು ಇವತ್ತೇ ಸಾಮಾನು ಕಟ್ಟಿ.”

“ಈಗೇನಂದ್ರು?” ಅಮ್ಮ ಇನ್ನೂ ನಗುತ್ತಲೇ ಇದ್ದಳು.

ಈ ಹಳ್ಳಿಯಿಂದ ಒಪ್ಪಿಗೆ ಬರಲು ಅಮ್ಮ ಎರಡು ವರ್ಷ ಕಾದಿದ್ದಳು. ಕಾಗದ ಬಂದ ದಿನ ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ಕುಣಿದಿದ್ದಳು. ಈಗ ಏನೂ ಗೊತ್ತಿಲ್ಲದೆ ಕ್ಯಾಮೆರಾ ಬ್ಯಾಗು ನೇತುಹಾಕಿಕೊಂಡು ನಿಂತಿದ್ದಾಳೆ. ಅವಳು ಇಂಚರಾಳ ಮುಖವನ್ನೇ ನೋಡುತ್ತಿದ್ದಳು. ಇಂಚರಾ ಏನು ಹೇಳಿದರೂ ನಂಬುತ್ತಾಳೆ. ಅದು ನೆನಪಾಗಿ ಇಂಚರಾಳಿಗೆ ಅಳು ಬಂತು.

“ಅಮ್ಮ ಅಲ್ಲ, ನಾನು!” ಅಂದಳು ಜಪಾನಿಯಲ್ಲಿ, ಜೋರಾಗಿ. “ಅದು ಕುಂಕುಮ. ನಾನು ಹಾಕಿದ್ದು. ಅಮ್ಮಂಗೆ ಏನೂ ಗೊತ್ತಿಲ್ಲ. ನೀವು ಈಗ ಹೇಳಿದ್ದನ್ನ ನಾನು ಅಮ್ಮಂಗೆ ಹೇಳಲೇ ಇಲ್ಲ, ಸುಳ್ಳು ಹೇಳಿದೆ. ಅದಕ್ಕೇ ಅವಳು ಹೈ ಹೈ ಅಂತಿದಾಳೆ!”

ಆಮೇಲೆ ಅಮ್ಮನ ಕಡೆ ತಿರುಗಿ ಎಲ್ಲವನ್ನೂ ಕನ್ನಡದಲ್ಲಿ ಹೇಳಿದಳು. ಕೆಂಪು ಯಾರಿಗೆ, ಒಶೋ-ಸಾನ್ ಏನು ಕೇಳಿದರು, ಸಾಮಾನು ಕಟ್ಟಿ ಅಂದದ್ದು, ಎಲ್ಲ.

ಅಮ್ಮನ ನಗು ಅಳಿಸಿಹೋಯಿತು.

“ಇಂಚರಾ,” ಅಂದಳು. ಇಂಚು ಅಲ್ಲ, ಇಂಚೂ ಅಲ್ಲ. ಪೂರ್ತಿ ಹೆಸರು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಅಮ್ಮ ಒಶೋ-ಸಾನ್ ಮುಂದೆ ತುಂಬಾ ಹೊತ್ತು ಬಗ್ಗಿ ನಿಂತಳು. ಈ ಸಲ ಹೈ ಅನ್ನಲಿಲ್ಲ. ಏಳುತ್ತಲೇ ಮಗಳ ಕೈ ಹಿಡಿದು, “ನಡಿ, ಆ ಅಜ್ಜಿ ಬರೋದ್ರೊಳಗೆ ತೊಳೀಬೇಕು,” ಅಂದಳು. ಒಶೋ-ಸಾನ್ ಕೂಡ ಪಂಚೆಯಂಥ ತಮ್ಮ ಉದ್ದನೆಯ ಬಟ್ಟೆ ಎತ್ತಿಕೊಂಡು ಹಿಂದೆಯೇ ಓಡಿದರು.

ಆದರೆ ಫುಮಿ ಅಜ್ಜಿ ಹಿಂದಿನ ದಾರಿಯಿಂದ ಆಗಲೇ ಬಂದುಬಿಟ್ಟಿದ್ದರು.

ಸಿಹಿಯ ಗಂಟು, ಹೂವು, ಬಕೆಟ್ಟು ಎಲ್ಲ ನೆಲದ ಮೇಲಿದ್ದವು. ಅಜ್ಜಿ ಕಲ್ಲಿನ ಪಕ್ಕ ನಿಂತು ಯೋಶಿಯೋ ತಾತನ ಹೆಸರಿನ ಮೇಲೆ ಅಂಗೈ ಇಟ್ಟಿದ್ದರು. ಕೆಳಗೆ, ಕಟ್ಟುತ್ತಿದ್ದ ದೊಡ್ಡ ತಡೆಗೋಡೆಯ ಆಚೆ, ಸಮುದ್ರದ ಸದ್ದು ಮಾತ್ರ ಕೇಳುತ್ತಿತ್ತು.

ಇಂಚರಾ ಹತ್ತಿರ ಹೋಗಿ ತಲೆ ಬಗ್ಗಿಸಿದಳು. “ಗೊಮೆನ್ನಸಾಯ್, ತಪ್ಪಾಯ್ತು ಅಜ್ಜಿ. ನಾನು ಹಾಕಿದ್ದು. ನಂಗೆ ಗೊತ್ತಿರಲಿಲ್ಲ. ನಿಮ್ಮ ಹೆಸರಿಗೆ ಬಣ್ಣ ಇತ್ತು, ತಾತನ ಹೆಸರಿಗೆ ಇರಲಿಲ್ಲ. ಒಬ್ಬರಿಗೆ ಇಟ್ಟು ಒಬ್ಬರಿಗೆ ಬಿಟ್ರೆ ಬೇಜಾರಾಗತ್ತೆ ಅಂತ ನಮ್ಮಜ್ಜಿ ಹೇಳ್ತಾರೆ. ಅದಕ್ಕೇ...”

ಬಿಕ್ಕಳಿಕೆ ಬಂತು.

ಫುಮಿ ಅಜ್ಜಿ ಕೈ ತೆಗೆದು ನೋಡಿಕೊಂಡರು. ಅಂಗೈ ಕೆಂಪಾಗಿತ್ತು. “ನೀನಾ?” ಅಂದರು. “ದಾರಿಯಿಂದ ಕೆಂಪು ಕಾಣಿಸ್ತು. ಬಂದುಬಿಟ್ರು ಅಂದ್ಕೊಂಡೆ ನೋಡು. ಎಷ್ಟು ಹುಚ್ಚು ನಂಗೆ.”

ಅವರು ಕಲ್ಲಿನ ಕಟ್ಟೆಯ ಮೇಲೆ ಕೂತುಕೊಂಡರು. ಪಕ್ಕದಲ್ಲಿ ಇಂಚರಾಳಿಗೂ ಜಾಗ ಬಿಟ್ಟರು.

“ದೋಣಿ ನೋಡ್ಕೊಂಡು ಬರ್ತೀನಿ ಅಂತ ಹೋದೋರು,” ಅಂದರು. “ಊರಿನವರೆಲ್ಲ ಅವರವರ ಮನೆಯವರ ಹೆಸರಿನ ಕೆಂಪು ತೆಗೆಸಿದ್ರು. ನಾನು ಬಿಡಲಿಲ್ಲ. ಸಿಕ್ಕಿಲ್ಲ ಅಂದ್ಮೇಲೆ ಸತ್ತಿದಾರೆ ಅಂತ ಯಾರು ಹೇಳಿದ್ದು ಅಂತ ಒಶೋ-ಸಾನ್ ಜೊತೆ ಜಗಳಾನೂ ಆಡಿದೆ. ಅಲ್ವಾ?”

ಒಶೋ-ಸಾನ್ ತಲೆಯಾಡಿಸಿದರು. “ಒಂದ್ಸಲ ಅಲ್ಲ.”

“ನಾಲ್ಕು ವರ್ಷ ಹಾಗೇ ಇಟ್ಟಿದ್ದೆ. ಆಮೇಲೊಂದು ದಿನ ಸಾಕಾಯ್ತು. ಕಲ್ಲು ಕೆಲಸದವರಿಗೆ ತೆಗೀರಿ ಅಂತ ಹೇಳಿ ಕಳಿಸ್ದೆ. ಅವರು ತೆಗೆಯೋ ದಿನ ನಾನು ಬರಲಿಲ್ಲ. ಬಾಗಿಲು ಹಾಕ್ಕೊಂಡು ಮನೇಲೇ ಕೂತಿದ್ದೆ.”

ಇಂಚರಾ ಇದನ್ನೆಲ್ಲ ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು. ಮಧ್ಯೆ ಮಧ್ಯೆ ಮೂಗು ಒರೆಸಿಕೊಳ್ಳಬೇಕಾಯಿತು, ಆದರೂ ಒಂದು ಮಾತನ್ನೂ ಬಿಡಲಿಲ್ಲ. ಅಮ್ಮನ ಕಣ್ಣಲ್ಲೂ ನೀರಿತ್ತು.

“ನಿಮ್ಮಜ್ಜಿ ಹೇಳಿದ್ದು ನಿಜ,” ಅಂದರು ಫುಮಿ ಅಜ್ಜಿ. “ಒಬ್ಬರದು ಇಟ್ಟು ಒಬ್ಬರದು ತೆಗೆದಾಗ ಬೇಜಾರಾಯ್ತು. ಅವರಿಗೆ ಆಯ್ತೋ ಇಲ್ವೋ, ನಂಗಂತೂ ತುಂಬಾ ಆಯ್ತು.” ಆಮೇಲೆ ತಲೆ ಎತ್ತಿ ಒಶೋ-ಸಾನ್ ಕಡೆ ನೋಡಿದರು. “ನೀವು ಈ ಮಗುವಿನ ಅಮ್ಮನ್ನ ಬೈದ್ರಾ?”

“ಬೈದೆ,” ಅಂದರು ಒಶೋ-ಸಾನ್. ಕತ್ತು ಕೆರೆದುಕೊಂಡರು. “ಸಾಮಾನು ಕಟ್ಟಿ ಅಂದೆ.”

“ನನ್ನ ಕಲ್ಲಿನ ವಿಷಯ ತಾನೇ? ನಾನು ಬೈತಾ ಇಲ್ಲ. ಆ ಹಳೇ ಕಲ್ಲಿನವರ ಹೆಸರು ಓದೋರು ಬೇರೆ ಯಾರಿದಾರೆ? ಅವರ ಮನೆಯವರು ಅಂತ ಯಾರೂ ಉಳಿದಿಲ್ಲ.”

ಒಶೋ-ಸಾನ್ ಹಳೇ ಕಲ್ಲುಗಳ ಕಡೆ ನೋಡಿದರು. “ನಾಳೆಯಿಂದ ಬರಲಿ. ಆದ್ರೆ ಇಂಚರಾ-ಚಾನ್, ಇನ್ಮೇಲೆ ನಾನು ಹೇಳಿದ್ದನ್ನೆಲ್ಲ ಅಮ್ಮಂಗೆ ಹೇಳ್ಬೇಕು. ಬೈದಿದ್ದನ್ನೂ.”

“ಬೈದಿದ್ದನ್ನೂ ಹೇಳ್ಬೇಕಂತೆ,” ಅಂತ ಇಂಚರಾ ಅಮ್ಮನಿಗೆ ಹೇಳಿದಳು.

“ಮನೆಗೆ ಹೋಗೋಣ ಇರು, ನಾನೂ ಬೈಯೋದಿದೆ,” ಅಂದಳು ಅಮ್ಮ. ಆದರೆ ಇಂಚರಾಳ ಕೆನ್ನೆಯನ್ನು ತನ್ನ ದುಪಟ್ಟಾದಲ್ಲಿ ಒರೆಸಿದಳು.

ಫುಮಿ ಅಜ್ಜಿ ತಮ್ಮ ಬಕೆಟ್ಟಿನಿಂದ ಒಂದು ಹಳೇ ಟೂತ್‌ಬ್ರಶ್ ತೆಗೆದರು. ಸಮಾಧಿಯ ಅಕ್ಷರಗಳ ಸಂದಿಯಲ್ಲಿ ಕೂತ ಧೂಳನ್ನು ತೆಗೆಯಲು ಅಲ್ಲಿ ಎಲ್ಲರೂ ತರುತ್ತಾರೆ. ಕೆಂಪು ಹೆಸರಿನ ಹತ್ತಿರ ಹಿಡಿದರು. ಕೈ ಅಲ್ಲೇ ನಿಂತಿತು.

ಇಂಚರಾ ನೋಡಿದಳು. “ಅಜ್ಜಿ, ನಾನು ಮಾಡ್ತೀನಿ, ಕೊಡಿ. ನೀವು ಬೇಕಾದ್ರೆ ಆ ಕಡೆ ತಿರುಗಿ ಕೂತ್ಕೊಳ್ಳಿ.”

ಅಜ್ಜಿ ಬ್ರಶ್ ಕೊಟ್ಟರು. ತಿರುಗಲು ಹೋದವರು ಮತ್ತೆ ಹಾಗೇ ಕೂತರು.

“ಬೇಡ. ಇವತ್ತು ನೋಡ್ತೀನಿ. ನೀನು ಉಜ್ಜು.”

ಇಂಚರಾ ನೀರು ಸುರಿದು ಉಜ್ಜಿದಳು. ಕುಂಕುಮ ಸುಲಭಕ್ಕೆ ಬಿಡುವ ವಸ್ತುವೇ? ಕಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲೆಲ್ಲ ಕೂತಿತ್ತು. ಒಂದು ಗೆರೆ ಬಿಟ್ಟರೆ ಇನ್ನೊಂದು ಗೆರೆ. ಕೆಂಪುನೀರು ಕಲ್ಲಿನ ಮೇಲೆ ಧಾರೆಯಾಗಿ ಇಳಿದು ಮಣ್ಣಿಗೆ ಸೇರಿತು. ಸ್ವೆಟರಿನ ತೋಳು ನೆನೆದು ಗುಲಾಬಿಯಾಯಿತು. ಅಮ್ಮ ಸಹಾಯಕ್ಕೆ ಬಂದಾಗ ಅವಳು ಬೇಡ ಅಂತ ತಲೆಯಾಡಿಸಿದಳು.

ತಾತನ ಹೆಸರಿನ ಕೊನೆಯ ಅಕ್ಷರಕ್ಕೆ ಬಂದಾಗ ಇಂಚರಾ ನಿಂತಳು. ಅದರ ಪಕ್ಕದಲ್ಲೇ ಫುಮಿ ಅಜ್ಜಿಯ ಹೆಸರು. ಬೆಳಗಿನ ಬಿಸಿಲಿಗೆ ಅದರ ಕೆಂಪು ಸ್ಪಷ್ಟವಾಗಿ ಕಾಣುತ್ತಿತ್ತು.

ಅವಳು ಎಡಗೈಯನ್ನು ಆ ಹೆಸರಿನ ಮೇಲೆ ಒತ್ತಿ ಇಟ್ಟು ಪೂರ್ತಿ ಮುಚ್ಚಿದಳು. ಬಲಗೈಯಲ್ಲಿ ನಿಧಾನವಾಗಿ, ಒಂದು ಹನಿಯೂ ಆ ಕಡೆ ಹಾರದ ಹಾಗೆ ಉಜ್ಜತೊಡಗಿದಳು.

ಫುಮಿ ಅಜ್ಜಿ ಸ್ವಲ್ಪ ಹೊತ್ತು ನೋಡಿದರು. “ನಂದು ಗಟ್ಟಿ ಪೇಂಟು ಮಗು,” ಅಂದರು. “ನೀರು ಬಿದ್ರೆ ಹೋಗಲ್ಲ.”

“ಗೊತ್ತು,” ಅಂದಳು ಇಂಚರಾ. ಕೈ ಮಾತ್ರ ತೆಗೆಯಲಿಲ್ಲ.